ಚಂದ್ರನ ದಾರಿಗೊಂದು ಛತ್ರ

ಯಾತ್ರಿಕರಿಗೆ ಛತ್ರ ಕಟ್ಟಿಸುವವರು ಮೊದಲು ನೋಡುವುದು ಜಾಗವನ್ನು. ಚಂದ್ರನನ್ನು ಸುತ್ತುವ ‘ಗೇಟ್‌ವೇ’ ಎಂಬ ಪುಟ್ಟ ನಿಲ್ದಾಣಕ್ಕೆ ಅಮೆರಿಕದ ನಾಸಾ ರೂಪಿಸಿದ ಯೋಜನೆಯಲ್ಲೂ ಜಾಗದ್ದೇ ದೊಡ್ಡ ಪ್ರಶ್ನೆ.

ನಿಲ್ದಾಣ ಚಂದ್ರನಿಗೆ ತೀರಾ ಹತ್ತಿರವೇ ಏಕಿರಬಾರದು? ಚಂದ್ರನ ಗುರುತ್ವ ಎಲ್ಲೆಡೆ ಒಂದೇ ಸಮನಾಗಿಲ್ಲ. ತಗ್ಗಿನ ಕಕ್ಷೆಗಳು ಬಹುಪಾಲು ಬೇಗ ಕೆಡುತ್ತವೆ. ಮೇಲಾಗಿ, ಯಾತ್ರಿಗಳನ್ನು ಒಯ್ಯುವ ಓರಿಯನ್ ನೌಕೆಯಲ್ಲಿ ಅಲ್ಲಿಗೆ ಹೋಗಿ ಮರಳುವಷ್ಟು ಇಂಧನವಿಲ್ಲ. ಹಾಗಾಗಿ ಆರಿಸಿದ್ದು ನೀಳವಾದ ಕಕ್ಷೆ. ಒಂದು ಸುತ್ತಿಗೆ ಸುಮಾರು 6.5 ದಿನ, ದೂರದ ತುದಿ ಚಂದ್ರನಿಂದ ಸುಮಾರು 70,000 ಕಿ.ಮೀ. ಭೂಮಿ ಮತ್ತು ಚಂದ್ರರ ಸೆಳೆತಗಳು ಹೊಂದಿಕೊಳ್ಳುವ ಈ ಹಾದಿಯಲ್ಲಿ ಅಲ್ಪ ಇಂಧನ ಸಾಕು. ಭೂಮಿಯೂ ಚಂದ್ರನ ಹಿಂದೆ ಮರೆಯಾಗದು. 2022ರಲ್ಲಿ ಸುಮಾರು 25 ಕಿಲೋ ತೂಕದ ಕ್ಯಾಪ್‌ಸ್ಟೋನ್ ನೌಕೆ ಇದೇ ಕಕ್ಷೆ ಸೇರಿ ಪರೀಕ್ಷೆ ನಡೆಸಿತು.

ಆದರೆ ಚಂದ್ರನ ನೆಲದಲ್ಲಿರುವವರು ಅವಸರವಾಗಿ ಮರಳಬೇಕಾದರೆ? ನಿಲ್ದಾಣ ದೂರದ ತುದಿಯಲ್ಲಿದ್ದರೆ ಅದನ್ನು ಸೇರಲು ದಿನಗಳೇ ಬೇಕು. ನೇರವಾಗಿ ಇಳಿಯುವುದೇ ಲೇಸೆಂದು ಟೀಕಾಕಾರರು ವಾದಿಸಿದ್ದು ಇದಕ್ಕೇ. 2025ರಲ್ಲಿ ಅಲ್ಲಿನ ಸರ್ಕಾರ ಯೋಜನೆಯನ್ನು ಕೈಬಿಡಲು ಸೂಚಿಸಿತು. ಅದೇ ವರ್ಷ ಸಂಸತ್ತು ಅದಕ್ಕೆ 260 ಕೋಟಿ ಡಾಲರ್ ತೆಗೆದಿರಿಸಿತು.

ಛತ್ರ ಯಾತ್ರೆಗಾಗಿಯೇ ಹೊರತು ಯಾತ್ರೆ ಛತ್ರಕ್ಕಾಗಿ ಅಲ್ಲ. ಇಂಥ ನಿಲ್ದಾಣವನ್ನು ಯಾರೇ ಕಟ್ಟಲಿ, ಅಳೆಯಬೇಕಾದ್ದು ಈ ಮಾತಿನಿಂದಲೇ.