ಶ್ರೀರಂಗಪಟ್ಟಣದ ಹಳೆಯ ಸೇತುವೆಗಳು



ಶ್ರೀರಂಗಪಟ್ಟಣಕ್ಕೆ ಹೋಗಿಬಂದವರನ್ನು ಅಲ್ಲಿ ನೋಡಿದುದೇನೆಂದು ಕೇಳಿದರೆ, ರಂಗನಾಥಸ್ವಾಮಿಯ ದೇವಾಲಯವನ್ನು ಹೇಳುವರು. ದರಿಯಾ ದೌಲತ್ತಿನ ಭಿತ್ತಿಚಿತ್ರಗಳನ್ನು ಹೇಳುವರು. ಗುಂಬಜ್, ಕೋಟೆಯ ಬಿರುಕು, ಸೆರೆಮನೆ ಇವುಗಳನ್ನು ಹೇಳುವರು. ಸೇತುವೆಗಳನ್ನು ನೋಡಿದೆವೆಂದು ಹೇಳುವವರು ವಿರಳ. ಆ ಊರು ಒಂದು ದ್ವೀಪ. ಯಾವ ದಿಕ್ಕಿನಿಂದ ಬಂದವರೂ ನೀರನ್ನು ದಾಟದೆ ಅದನ್ನು ಸೇರಲಾರರು. ಸೇತುವೆಯ ಗುಣವೇ ಹಾಗೆ. ಅದು ತನ್ನನ್ನು ನೋಡೆಂದು ಕರೆಯುವುದಿಲ್ಲ, ದಾಟಿ ಹೋಗೆಂದು ಬೆನ್ನು ಕೊಡುತ್ತದೆ. ಜನರು ದಾಟುವುದನ್ನು ಬಿಟ್ಟ ದಿನ ಅದನ್ನು ಕಾಪಾಡುವವರೂ ಇಲ್ಲವಾಗುತ್ತಾರೆ. ಈ ಸಂಗತಿಯನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡುವುದು ಇಂದಿನ ನಮ್ಮ ಉದ್ದೇಶ.

ಮೊದಲು ನದಿಯ ವಿಚಾರ. ಕಾವೇರಿಯು ಇಲ್ಲಿ ಎರಡು ಕವಲಾಗಿ ಒಡೆದು, ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ನೆಲವನ್ನು ನಡುವೆ ಬಿಟ್ಟು ಮತ್ತೆ ಒಂದಾಗುತ್ತಾಳೆ. ಪಾತ್ರವೆಲ್ಲ ಬಂಡೆ. ಬೇಸಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಮುಂಗಾರಿನಲ್ಲಿ ಕೊಡಗಿನ ಮಳೆ ಇಳಿದುಬಂದರೆ ಹರಿಗೋಲಿನವನೂ ಹಿಂಜರಿಯುತ್ತಾನೆ. ಕೋಟೆಯನ್ನು ಕಟ್ಟಿದವರಿಗೆ ಇದಕ್ಕಿಂತ ಒಳ್ಳೆಯ ಅಗಳು ಬೇಕಾಗಿರಲಿಲ್ಲ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಪಟ್ಟಣದ ಸಮೀಪಕ್ಕೆ ಬಂದಿದ್ದರೂ, ಮಳೆ ಹಿಡಿದು, ಆಹಾರ ತೀರಿ, ತನ್ನ ಭಾರವಾದ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1799ರಲ್ಲಿ ಹ್ಯಾರಿಸನ ಸೈನ್ಯವು ಮೇ 4ರ ನಡುಹಗಲಿನಲ್ಲಿ, ಹೊಳೆ ಇನ್ನೂ ಸಣ್ಣದಾಗಿರುವಾಗಲೇ, ಪಾತ್ರವನ್ನು ನಡೆದು ದಾಟಿ ಕೋಟೆಯ ಬಿರುಕನ್ನು ಹತ್ತಿತು. ಕೆಲವು ವಾರ ತಡವಾಗಿದ್ದರೆ ಕಾವೇರಿಯೇ ಎದುರು ನಿಲ್ಲುತ್ತಿದ್ದಳು. ಆದಕಾರಣ, ಯುದ್ಧದ ಕಾಲದಲ್ಲಿ ಈ ಊರಿಗೆ ಸೇತುವೆಯು ಒಂದು ಅಪಾಯ. ಶಾಂತಿಯ ಕಾಲದಲ್ಲಿ ಅದೇ ಜೀವನಾಡಿ. ಇಲ್ಲಿಯ ಸೇತುವೆಗಳ ಕಥೆಯೆಲ್ಲ ಈ ಎರಡು ಮಾತುಗಳ ನಡುವೆ ಇದೆ.

ಮನುಷ್ಯರಿಗಿಂತ ಮೊದಲು ಇಲ್ಲಿ ಸೇತುವೆಯ ಮೇಲೆ ನಡೆದುಬಂದುದು ನೀರು. ಬಂಗಾರದೊಡ್ಡಿ ನಾಲೆಯೆಂಬ ಕಾಲುವೆಯ ಹೆಸರನ್ನು ತಾವು ಕೇಳಿರಬಹುದು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಅದನ್ನು ತೆಗೆಯಿಸಿದರೆಂದು ಪ್ರತೀತಿ. ಹೊಳೆಯ ಮೇಲ್ಭಾಗದಲ್ಲಿ ಕಟ್ಟೆಯಿಂದ ತಿರುಗಿಸಿದ ನೀರು, ಅದೇ ಹೊಳೆಯ ಕವಲೊಂದನ್ನು ಕಲ್ಲಿನ ಮೇಲುಗಾಲುವೆಯಲ್ಲಿ ದಾಟಿ ದ್ವೀಪದ ತೋಟಗದ್ದೆಗಳಿಗೆ ಬರುವಂತೆ ಇದನ್ನು ಏರ್ಪಡಿಸಿದ್ದಾರೆ. ಸುತ್ತಲೂ ನೀರಿರುವ ಊರಿಗೆ ನೀರನ್ನು ನೀರಿನ ಮೇಲೆಯೇ ಹಾಯಿಸಿ ತರುವುದು ವಿನೋದವೆಂದು ತೋರಬಹುದು. ಆದರೆ ಹೊಳೆಯು ತಗ್ಗಿನಲ್ಲಿದೆ, ದ್ವೀಪದ ನೆಲವು ಎತ್ತರದಲ್ಲಿದೆ. ಎತ್ತುವ ಯಂತ್ರವಿಲ್ಲದ ಕಾಲದಲ್ಲಿ ಮೇಲಿನಿಂದಲೇ ಮಟ್ಟವನ್ನು ಕಾಪಾಡಿಕೊಂಡು ತರುವುದೊಂದೇ ದಾರಿ. ಅದನ್ನು ಕಂಡ ಕಣ್ಣು ರೈತನ ಕಣ್ಣು, ಕಟ್ಟಿದ ಕೈ ಕುಶಲವಾದ ಕೈ.

ಜನರ ಸೇತುವೆಗೆ ಬರೋಣ. 1799ರ ತರುವಾಯ ರಾಜಧಾನಿಯು ಮೈಸೂರಿಗೆ ಹೋಯಿತು. ದ್ವೀಪವು ಕಂಪೆನಿಯವರ ವಶದಲ್ಲಿ ಉಳಿಯಿತು. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನ್ ಪೂರ್ಣಯ್ಯನವರು ಆಡಳಿತವನ್ನು ನಡೆಸುತ್ತಿದ್ದರು. ಅವರ ಕಾಲದಲ್ಲಿ, 1804ರಲ್ಲಿ, ಉತ್ತರದ ಕವಲಿಗೆ ಅಡ್ಡಲಾಗಿ ಸಿದ್ಧವಾದುದೇ ವೆಲ್ಲೆಸ್ಲಿ ಸೇತುವೆ. ಆಗಿನ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕೆ ಇಟ್ಟರು. ಹೆಸರು ಹೊರಗಿನದು, ಕೆಲಸವೆಲ್ಲ ನಮ್ಮ ನಾಡಿನದು. ಇದರಲ್ಲಿ ಒಂದು ಕಮಾನೂ ಇಲ್ಲ. ದೇವಾಲಯದ ಮಂಟಪವನ್ನು ಕಟ್ಟುವ ಕ್ರಮದಲ್ಲಿಯೇ ನದಿಯ ಮೇಲೆ ಒಂದು ದಾರಿಯನ್ನು ಕಟ್ಟಿದ್ದಾರೆ.

ಆ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಬೇಸಗೆಯಲ್ಲಿ ನೀರು ಇಳಿದಾಗ ಪಾತ್ರದ ಬಂಡೆಯಲ್ಲಿ ಗುಳಿಗಳನ್ನು ತೋಡಿ, ಅವುಗಳಲ್ಲಿ ಒರಟಾಗಿ ಕೆತ್ತಿದ ಕಣಶಿಲೆಯ ಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿದರು. ಪ್ರತಿಯೊಂದು ಕಂಬದ ತಲೆಯ ಮೇಲೂ ಬೋದಿಗೆ. ಬೋದಿಗೆಗಳ ಮೇಲೆ ಕಲ್ಲಿನ ತೊಲೆ. ತೊಲೆಗಳ ಮೇಲೆ ಚಪ್ಪಡಿ. ಚಪ್ಪಡಿಯ ಮೇಲೆ ದಾರಿ. ಕಲ್ಲು ಎಷ್ಟು ಭಾರವನ್ನಾದರೂ ತಲೆಯ ಮೇಲೆ ಹೊತ್ತೀತು. ಬಾಗಿಸಿದರೆ ಮಾತ್ರ ಮುರಿಯುತ್ತದೆ. ಈ ಕಾರಣದಿಂದ ತೊಲೆಯು ಕೆಲವೇ ಅಡಿಗಳಿಗಿಂತ ಉದ್ದವಾಗಿರಲು ಸಾಧ್ಯವಿಲ್ಲ. ಬೋದಿಗೆಯು ಎರಡು ಕಡೆಗೂ ಕೈ ಚಾಚಿ ತೊಲೆಯ ಬರಿಯ ಭಾಗವನ್ನು ಮತ್ತಷ್ಟು ಕಿರಿದುಮಾಡುತ್ತದೆ. ಕಂಬಗಳು ಒತ್ತೊತ್ತಾಗಿರುವುದು ಅಜ್ಞಾನದಿಂದಲ್ಲ; ಕಲ್ಲಿನ ಸ್ವಭಾವವನ್ನು ಚೆನ್ನಾಗಿ ಅರಿತುದರಿಂದ.

ಇದೇನೂ ಪೂರ್ಣಯ್ಯನವರ ಕಾಲದಲ್ಲಿ ಹೊಸದಾಗಿ ಹುಟ್ಟಿದ ವಿದ್ಯೆಯಲ್ಲ. ಹಂಪೆಯ ವಿಠ್ಠಲ ದೇವಾಲಯದ ಸಮೀಪದಲ್ಲಿ ತುಂಗಭದ್ರೆಯ ದಡಕ್ಕೆ ಹೋಗಿ ನೋಡಿದವರಿಗೆ, ಹೊಳೆಯ ನಡುವೆ ಇಂದಿಗೂ ನಿಂತಿರುವ ಕಲ್ಲುಕಂಬಗಳ ಸಾಲು ಕಾಣಿಸುತ್ತದೆ. ಮೇಲಿನ ದಾರಿ ಹೋಗಿದೆ, ಕಂಬಗಳು ಉಳಿದಿವೆ. ಅದೇ ಆನೆಗೊಂದಿಯ ಕಡವಿನಲ್ಲಿ ನಮ್ಮ ಕಾಲದವರು ಹೊಸದಾಗಿ ಕಟ್ಟಿಸುತ್ತಿದ್ದ ಸೇತುವೆಯೊಂದು 2009ರ ಜನವರಿಯಲ್ಲಿ, ಪೂರ್ತಿಯಾಗುವ ಮೊದಲೇ ಕುಸಿದು ಜೀವಹಾನಿಯಾಯಿತು. ಹಿಂದಿನವರದೆಲ್ಲ ಶ್ರೇಷ್ಠ, ಇಂದಿನದೆಲ್ಲ ಕನಿಷ್ಠ ಎಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಹೊಳೆಯು ಕಟ್ಟಿದವನ ಕಾಲವನ್ನು ಕೇಳುವುದಿಲ್ಲ, ಕೆಲಸವನ್ನು ಪರೀಕ್ಷಿಸುತ್ತದೆ ಎಂಬುದಷ್ಟೆ ನಮ್ಮ ಅಭಿಪ್ರಾಯ.

ವೆಲ್ಲೆಸ್ಲಿ ಸೇತುವೆಗೆ ಈ ಪರೀಕ್ಷೆಯು ಹಲವು ಸಲ ನಡೆದಿದೆ. ದಕ್ಷಿಣದ ನದಿಗಳೆಲ್ಲ ಉಕ್ಕಿದ 1924ರ ಜುಲೈ ತಿಂಗಳ ಮಹಾಪ್ರವಾಹವನ್ನು ಅದು ಕಂಡಿತು. ಆಗ ಕೃಷ್ಣರಾಜಸಾಗರದ ಕಟ್ಟೆಯು ಇನ್ನೂ ಪೂರ್ತಿಯಾಗಿರಲಿಲ್ಲ. ನಮ್ಮ ಕಾಲದಲ್ಲಿ 2018 ಮತ್ತು 2019ರ ನೆರೆಗಳನ್ನೂ ಕಂಡಿತು. ಬಂಡೆಯಲ್ಲಿ ಬೇರೂರಿದ ಕಂಬದ ಬುಡವನ್ನು ಕೊರೆಯುವುದು ನೀರಿಗೆ ಕಷ್ಟ. ಮಹಾಪೂರ ಬಂದಾಗ ಸೇತುವೆಯು ನದಿಯೊಡನೆ ಹಟ ಮಾಡದೆ ತಲೆ ತಗ್ಗಿಸಿ ನೀರನ್ನು ಮೇಲೆ ಹಾಯಲು ಬಿಡುತ್ತದೆ; ಪೂರ ಇಳಿದಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಹಾನಿ ತರುವುದು ನೀರಿಗಿಂತ ಹೆಚ್ಚಾಗಿ ನೀರು ಹೊತ್ತುತರುವ ಮರದ ದಿಮ್ಮಿ, ಕೊಂಬೆ, ಕಸ. ಒತ್ತಾದ ಕಂಬಗಳ ನಡುವೆ ಅವು ಸಿಕ್ಕಿಕೊಂಡರೆ ಸೇತುವೆಯು ಗೋಡೆಯಾಗುತ್ತದೆ; ಗೋಡೆಯ ಮೇಲೆ ನದಿಯ ಭಾರವೆಲ್ಲ ಬೀಳುತ್ತದೆ.

ಕಂಬಗಳು ಇಷ್ಟು ಒತ್ತಾಗಿರಬೇಕೆ ಎಂದು ಅಂದಿನ ದಿನಗಳಲ್ಲಿಯೇ ಕೇಳಿದವನೊಬ್ಬನಿದ್ದನು. ಮದರಾಸು ಸೈನ್ಯದ ಇಂಜನೀಯರನಾದ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್ ಎಂಬಾತನು, ದೊಡ್ಡ ದೊಡ್ಡ ಇಟ್ಟಿಗೆಯ ಕಮಾನುಗಳಿಂದ ಕಾವೇರಿಯನ್ನು ದಾಟಬಹುದೆಂದು ವಾದಿಸಿದನು. ಅದು ಸಾಧ್ಯವೆಂಬುದನ್ನು ತೋರಿಸುವುದಕ್ಕಾಗಿ 1808ರ ಸುಮಾರಿನಲ್ಲಿ ಅದೇ ದ್ವೀಪದ ಒಣನೆಲದ ಮೇಲೆ ಒಂದೇ ಒಂದು ಕಮಾನನ್ನು ಕಟ್ಟಿ ನಿಲ್ಲಿಸಿದನು. ಅದು ಸುಮಾರು 110 ಅಡಿಗಳಷ್ಟು ಚಾಚಿಕೊಂಡಿತ್ತು. ಏರಿಕೆಯು ಬಹಳ ಕಡಮೆ. ಕೆಳಗೆ ಹೊಳೆಯಿಲ್ಲ, ಮೇಲೆ ದಾರಿಯಿಲ್ಲ. ಬಯಲಿನಲ್ಲಿ ಬಿಲ್ಲಿನಂತೆ ಬಾಗಿದ ಇಟ್ಟಿಗೆ ಗಾರೆಗಳ ಒಂದು ವಾದ! ಮೇಲೆ ನಿಂತು ಕುಣಿದರೆ ಕಮಾನು ಅದುರುತ್ತಿತ್ತೆಂದು ಪ್ರಸಿದ್ಧಿ. ಅದನ್ನು ಪರೀಕ್ಷಿಸುವುದು ಯಾತ್ರಿಕರಿಗೆ ಒಂದು ವಿನೋದವಾಗಿತ್ತು.

ಸೇತುವೆ ಮಾತ್ರ ಏಳಲಿಲ್ಲ. ಜ್ವರದ ಉಪದ್ರವದಿಂದ ದ್ವೀಪದ ಸೈನ್ಯಕ್ಕೆ ಇಳಿವು ಬಂತು. 1809ರಲ್ಲಿ ಬೆಂಗಳೂರಿನ ದಂಡು ಸ್ಥಾಪಿತವಾಯಿತು. ಪಟ್ಟಣದ ಪ್ರಾಮುಖ್ಯವು ತಗ್ಗುತ್ತ ಹೋಯಿತು. ಡಿ ಹ್ಯಾವಿಲೆಂಡನು ಮುಂದೆ ಮದರಾಸಿನಲ್ಲಿ ಸೇಂಟ್ ಆಂಡ್ರೂಸ್ ಇಗರ್ಜಿಯನ್ನು ಕಟ್ಟಿ ಹೆಸರನ್ನು ಪಡೆದನು. ಅವನ ಕಮಾನು 1930ರ ದಶಕದವರೆಗೂ ನಿಂತಿದ್ದು ಆಮೇಲೆ ಬಿದ್ದುಹೋಯಿತು. ಒಂದು ದಿನವೂ ಸೇತುವೆಯಾಗದೆ ಒಂದು ನೂರು ವರ್ಷಗಳಿಗೂ ಮೀರಿ ನಿಂತ ಆ ಇಟ್ಟಿಗೆಯ ಸಾಲು, ಕಟ್ಟಿದವನ ಮಾತು ಸುಳ್ಳಲ್ಲವೆಂದು ಸಾಕ್ಷಿ ಹೇಳಿತು. ಆದರೆ ಸಾಕ್ಷಿಯನ್ನು ಕೇಳುವವರು ಎದ್ದುಹೋಗಿದ್ದರು. ಬಿದ್ದುಹೋದುದನ್ನು ನೋಡಲು ಈಗ ನಮಗೆ ಹಳೆಯ ಚಿತ್ರಗಳೇ ಗತಿ.

ಕಾವೇರಿಯ ಕೆಳಭಾಗದಲ್ಲಿರುವ ಶಿವನಸಮುದ್ರದ ವೃತ್ತಾಂತವನ್ನೂ ಇಲ್ಲಿ ಹೇಳಬೇಕು. ಅದೂ ಒಂದು ದ್ವೀಪ, ಅಲ್ಲಿಯೂ ನದಿಗೆ ಎರಡು ಕವಲು. ಮೈಸೂರಿನ ರೆಸಿಡೆಂಟರ ಬಳಿ ಕೆಲಸದಲ್ಲಿದ್ದ ರಾಮಸ್ವಾಮಿ ಮೊದಲಿಯಾರರು 1830ರ ಆಚೀಚೆಗೆ ಅಲ್ಲಿ ಎರಡು ಕಲ್ಲುಸೇತುವೆಗಳನ್ನು ಕಟ್ಟಿಸಿದರು. ಅದಕ್ಕಾಗಿ ಅವರಿಗೆ ಜನೋಪಕಾರ ಕಾಮಕರ್ತ ಎಂಬ ಬಿರುದೂ ಇನಾಮು ಗ್ರಾಮಗಳೂ ದೊರೆತವು. ಅವುಗಳ ಕಟ್ಟಡವೂ ಇದೇ ಬಗೆ. ಕಂಬ, ಬೋದಿಗೆ, ತೊಲೆ, ಚಪ್ಪಡಿ. ಜನರು ವೆಸ್ಲಿ ಸೇತುವೆಯೆಂದು ಕರೆಯುವ ಅವುಗಳಲ್ಲೊಂದರ ಭಾಗವು 2018ರ ನೆರೆಯಲ್ಲಿ ಕೊಚ್ಚಿಹೋಯಿತು. ಪಕ್ಕದಲ್ಲಿ ಹೊಸ ಸೇತುವೆಯಿದ್ದುದರಿಂದ ಯಾರ ಪ್ರಯಾಣವೂ ನಿಲ್ಲಲಿಲ್ಲ. ಸುಮಾರು ನೂರೆಂಬತ್ತು ವರ್ಷಗಳ ಕಾಲ ಹೊತ್ತ ಬೆನ್ನು ಮುರಿದ ದಿನ, ಹೊತ್ತವರಿಗೆ ಅದರ ಅಗತ್ಯವಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿಯೂ ಇಂತಹ ದಿನವು ಬಾರದೆಂದು ಹೇಳುವ ಹಾಗಿಲ್ಲ. 1880ರ ದಶಕದ ಆರಂಭದಲ್ಲಿ ರೈಲು ಕಾವೇರಿಯ ಕವಲುಗಳನ್ನು ದಾಟಿ ಮೈಸೂರನ್ನು ಸೇರಿತು. ಮೋಟಾರುಗಳು ಹೆಚ್ಚಿದಮೇಲೆ ಹೆದ್ದಾರಿಗೆ ಹೊಸ ಸೇತುವೆಗಳು ಬಂದವು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯಂತೂ ಊರನ್ನೇ ಬಳಸಿಕೊಂಡು ಹೋಗುತ್ತದೆ. ಇದೆಲ್ಲ ಸಹಜವಾದುದೇ. ಎತ್ತಿನ ಗಾಡಿಗೆಂದು ಕಟ್ಟಿದ ಕಲ್ಲಿನ ತೊಲೆಯ ಮೇಲೆ ಇಂದಿನ ಲಾರಿಗಳನ್ನು ಓಡಿಸಬೇಕೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಭಾರದಿಂದ ಬಿಡುಗಡೆ ಹೊಂದಿದ ಸೇತುವೆಯು ಆರೈಕೆಯಿಂದಲೂ ಬಿಡುಗಡೆ ಹೊಂದಬೇಕೆ? ನಾವು ಕೇಳಬೇಕಾದ ಪ್ರಶ್ನೆ ಇದು.

ಜನಸಂಚಾರವಿದ್ದಾಗ ಒಂದು ಚಪ್ಪಡಿ ಅಲುಗಿದರೆ ಗಾಡಿಯವನು ದೂರು ಹೇಳುತ್ತಿದ್ದನು. ಸಂಚಾರವು ನಿಂತಮೇಲೆ ದೂರು ಹೇಳುವವರಿಲ್ಲ. ಹಕ್ಕಿಯು ಬೀಳಿಸಿದ ಒಂದು ಅರಳಿಯ ಬೀಜ ಕಲ್ಲಿನ ಸಂದಿಯಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಅದನ್ನು ಮಗುವೂ ಕಿತ್ತುಹಾಕಬಹುದು. ಹತ್ತು ವರ್ಷಗಳು ಕಳೆದರೆ ಅದರ ಬೇರು ಚಪ್ಪಡಿಯನ್ನೇ ಎತ್ತುತ್ತದೆ. ಕಂಬಗಳ ನಡುವೆ ಕಳೆದ ನೆರೆಯ ಕಸವು ಮುಂದಿನ ನೆರೆಯನ್ನು ಕಾಯುತ್ತ ಕುಳಿತಿರುತ್ತದೆ. ಸುತ್ತಮುತ್ತ ಮರಳನ್ನು ಮಿತಿಯಿಲ್ಲದೆ ತೋಡಿದರೆ ಹೊಳೆಯ ಹರಿವು ತನ್ನ ಜಾಡನ್ನು ಬದಲಿಸಿ ದಡದ ಕಟ್ಟಡವನ್ನು ಕೊರೆಯತೊಡಗುತ್ತದೆ. ಪ್ರವಾಹವು ಒಂದು ದಿನದಲ್ಲಿ ಕೆಡವಿತೆಂದು ನಾವು ಹೇಳುವ ಸೇತುವೆಯನ್ನು ಅದಕ್ಕೂ ಮೊದಲು ಹಲವು ವರ್ಷಗಳ ಅಲಕ್ಷ್ಯವು ಸಡಿಲಿಸಿರುವುದುಂಟು.

ಇದಕ್ಕೆ ಬಹಳ ಹಣ ಬೇಕೆಂದು ಆಕ್ಷೇಪಿಸಬಹುದು. ಅದೇ ಊರಿನ ಇನ್ನೊಂದು ಕೆಲಸವನ್ನು ನೆನೆಯೋಣ. ರೈಲುದಾರಿಯನ್ನು ಜೋಡಿಯಾಗಿಸುವ ಹಾದಿಗೆ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಅಡ್ಡವಾಗಿತ್ತು. ಅದನ್ನು ಒಡೆಯದೆ, ಸುಮಾರು ಸಾವಿರ ಟನ್ ತೂಗುವ ಕಟ್ಟಡವನ್ನು ಬುಡಸಮೇತ ಎತ್ತಿ, 2017ರಲ್ಲಿ ಬೇರೆಡೆಗೆ ಸರಿಸಿ ಇಟ್ಟರು. ಮನಸ್ಸು ಮಾಡಿದರೆ ನಮ್ಮಿಂದ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ. ಸೇತುವೆಯನ್ನು ಸರಿಸಬೇಕಾದುದಿಲ್ಲ. ನೆರೆ ಇಳಿದಮೇಲೆ ಕಂಬಗಳ ನಡುವಣ ಕಸವನ್ನು ತೆಗೆಸಬೇಕು. ವರ್ಷಕ್ಕೊಮ್ಮೆ ಸಂದಿಯ ಸಸಿಗಳನ್ನು ಬೇರುಸಹಿತ ಕೀಳಿಸಬೇಕು. ಬೇಸಗೆಯಲ್ಲಿ ತಿಳಿದವರೊಬ್ಬರು ಪಾತ್ರಕ್ಕೆ ಇಳಿದು ಕಂಬದ ಬುಡಗಳನ್ನೂ ತೊಲೆಗಳ ಬಿರುಕುಗಳನ್ನೂ ನೋಡಿ ಬರೆದಿಡಬೇಕು. ಗಾಡಿಗಳನ್ನು ತಡೆದು ಕಾಲ್ನಡೆಯವರಿಗೆ ದಾರಿಯನ್ನು ತೆರೆದಿಡಬೇಕು. ಈ ಕಡೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ದಿನವೂ ನಾಲ್ಕು ಜನ ನಡೆದಾಡುವ ಸೇತುವೆಗೆ ನಾಲ್ಕು ಜನ ಕಾವಲುಗಾರರಿದ್ದಂತೆ.

ಇನ್ನು ನಮ್ಮ ಪಾಲಿನ ಕೆಲಸ. ಮುಂದಿನ ಸಲ ರಂಗನಾಥನ ದರ್ಶನಕ್ಕೆ ಹೋದಾಗ ಅರ್ಧ ಗಂಟೆಯನ್ನು ಉಳಿಸಿಕೊಂಡು ಉತ್ತರದ ಕವಲಿನ ದಡಕ್ಕೆ ಹೋಗಿರಿ. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ ಕುಳಿತಿರುವುದನ್ನು ಬೆರಳಿಟ್ಟು ತೋರಿಸಿರಿ. ಆ ಕಲ್ಲುಗಳನ್ನು ಕಡಿದವರ, ಹೊತ್ತವರ ಹೆಸರುಗಳನ್ನು ಹುಡುಕಹೋದರೆ ಸಿಕ್ಕಲಾರವು. ಅವರ ಕೈಕೆಲಸ ಮಾತ್ರ ಇನ್ನೂರು ವರ್ಷಗಳ ನೀರನ್ನು ತಡೆದು ನಿಂತಿದೆ. ಕಮಾನು ಹೋಯಿತು, ಶಿವನಸಮುದ್ರದಲ್ಲಿ ಒಂದು ಭಾಗ ಹೋಯಿತು. ಉಳಿದಿರುವುದನ್ನು ಉಳಿಸಿಕೊಳ್ಳಲು ಇನ್ನೂ ಅವಕಾಶವಿದೆಯೆಂದು ತಮ್ಮಲ್ಲಿ ಬಿನ್ನವಿಸಿ, ಇಲ್ಲಿಗೆ ಮುಗಿಸುತ್ತೇವೆ.