ಹೋಗಿಬರುವ ಧರ್ಮ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಗಳು ದಯಪಾಲಿಸಿದ ಆಶೀರ್ವಚನ)



ನಮ್ಮ ಕನ್ನಡದಲ್ಲಿ ಮಾತಿನ ಒಂದು ಸಂಪ್ರದಾಯವಿದೆ. ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಬಾಯಿ ತಪ್ಪಿ ‘ಹೋಗ್ತೀನಿ’ ಎಂದರೆ ಮನೆಯ ಹಿರಿಯರು ಗದರುತ್ತಾರೆ. ಗಂಡನ ಮನೆಗೆ ಕಳುಹಿಸುವ ಮಗಳಿಗೂ ತಾಯಿ ಹೇಳುವುದು ‘ಹೋಗಿ ಬಾರಮ್ಮ’ ಎಂದೇ. ಹೋಗುವುದರ ಒಳಗೇ ಬರುವುದನ್ನು ಕಟ್ಟಿಟ್ಟ ಭಾಷೆ ನಮ್ಮದು. ಆದರೆ ಈಗ ಹೋಗಿಬರುವುದು ನಾಲಗೆಯ ಮೇಲೆ ಉಳಿದಿದೆಯೇ ಹೊರತು ಕಾಲಿನಲ್ಲಿ ಉಳಿದಿಲ್ಲ. ಆದ್ದರಿಂದ ಇಂದು ಈ ಹೋಗಿಬರುವುದನ್ನೇ ವಿಷಯವಾಗಿ ಇಟ್ಟುಕೊಂಡು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಸಂಸ್ಕೃತದಲ್ಲಿ ‘ಬಂಧು’ ಎಂಬ ಶಬ್ದವೂ ‘ಬಂಧನ’ ಎಂಬ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದವು. ಕಟ್ಟುವುದು ಎಂದು ಅದರ ಅರ್ಥ. ಒಂದೇ ಹಗ್ಗವು ಬಾವಿಯಿಂದ ನೀರು ಸೇದುವುದಕ್ಕೂ ಆಗುತ್ತದೆ, ಕೊರಳಿಗೆ ಉರುಳಾಗುವುದಕ್ಕೂ ಆಗುತ್ತದೆ. ಹಗ್ಗದ ತಪ್ಪೇನು? ಹಿಡಿದವನ ವಿವೇಕ ಮುಖ್ಯ. ಇನ್ನೊಂದು ಶಬ್ದ ‘ಅತಿಥಿ’. ತಿಥಿ ಗೊತ್ತುಮಾಡದೆ ಬರುವವನು ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಾರೆ. ಇಂದು ನಮ್ಮ ಮನೆಗಳಿಗೆ ಯಾರು ಬರುತ್ತಾರೆ? ಮದುವೆಗೆ ಬರುತ್ತಾರೆ, ಗೃಹಪ್ರವೇಶಕ್ಕೆ ಬರುತ್ತಾರೆ, ಶಿವಗಣಾರಾಧನೆಗೆ ಬರುತ್ತಾರೆ. ಇವೆಲ್ಲ ತಿಥಿ ಗೊತ್ತಾದ ಬರವು. ಕೆಲಸವಿಲ್ಲದೆ, ಕಾಗದವಿಲ್ಲದೆ, ‘ನಿಮ್ಮನ್ನು ನೋಡಿಕೊಂಡು ಹೋಗೋಣವೆಂದು ಬಂದೆ’ ಎಂದು ಬರುವವರು ಎಷ್ಟು ಮಂದಿ? ನೀವೇ ಎಣಿಸಿ ನೋಡಿ.

ನಮ್ಮ ಮಠದ ಭಕ್ತರಲ್ಲಿ ಒಬ್ಬ ದಂಪತಿಗಳಿದ್ದಾರೆ. ಅವರು ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾರೆ, ಹೇಳುವುದಿಲ್ಲ. ಯಜಮಾನರು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ಆ ತಾಯಿಯ ಅಕ್ಕನವರು ಲಿಂಗೈಕ್ಯರಾದಾಗ ಇಬ್ಬರೂ ಹೋಗಿದ್ದರು. ಆ ಮನೆಯ ಬಾಗಿಲನ್ನು ತುಳಿದು ಹನ್ನೊಂದು ವರ್ಷವಾಗಿತ್ತಂತೆ. ದಾರಿಯನ್ನು ಊರಿನ ಹುಡುಗರಲ್ಲಿ ಕೇಳಿಕೊಂಡು ಹೋಗಬೇಕಾಯಿತು. ಮಲಗಿಸಿದ್ದ ಅಕ್ಕನ ತಲೆಗೂದಲು ಯಾವಾಗ ಪೂರ್ತಿ ಬೆಳ್ಳಗಾಯಿತೆಂಬುದೂ ತಂಗಿಗೆ ಗೊತ್ತಿರಲಿಲ್ಲ. ಆ ಕೊರಗು ಹಿಡಿದುಕೊಂಡಿತು. ಕೆಲವು ತಿಂಗಳ ಮೇಲೆ ಮಠಕ್ಕೆ ಬಂದು, “ಬುದ್ಧಿ, ಕೈಯಲ್ಲಿ ಸ್ವಲ್ಪ ದುಡ್ಡಿದೆ, ಕಾಲು ಇನ್ನೂ ಗಟ್ಟಿ ಇದೆ. ಕಾಶಿಗೆ ಹೋಗಿ ಬರೋಣವೇ?” ಎಂದು ಕೇಳಿದರು. “ಕಾಶಿ ಎಲ್ಲಿಗೂ ಹೋಗುವುದಿಲ್ಲ, ಅಲ್ಲಿಯೇ ಇರುತ್ತದೆ. ಹೋಗಿಬಿಡುವವರು ಮನುಷ್ಯರು. ಅವರನ್ನು ಮೊದಲು ನೋಡಿ ಬನ್ನಿ” ಎಂದು ನಾವು ಹೇಳಿದೆವು.

ಶಾಲೆಯ ಹಾಜರಿ ಪುಸ್ತಕ ಬರೆದ ಕೈ. ಮಾಸ್ತರರು ಕೂಡಲೇ ಪಟ್ಟಿ ಬರೆದರು. ಕೊರಟಗೆರೆ, ಮಧುಗಿರಿ, ಪಾವಗಡ, ಸಿರಾ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ತೊಂದು ಮನೆ. ಗಂಡನ ಕಡೆಯ ಮನೆಗಳಷ್ಟೇ ಹೆಂಡತಿಯ ಕಡೆಯ ಮನೆಗಳೂ ಇರಬೇಕೆಂದು ಆ ತಾಯಿ ಹೇಳಿದರು, ನ್ಯಾಯವಾದ ಮಾತು. ಮಿಕ್ಕವು ಸ್ನೇಹಿತರ ಮನೆಗಳು. ಪ್ರತಿ ಮನೆಗೂ ಒಂದು ಚಿಪ್ಪು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ. ಇದ್ದವರ ಮನೆಗೆ ಹೆಚ್ಚಿಲ್ಲ, ಇಲ್ಲದವರ ಮನೆಗೆ ಕಡಿಮೆಯಿಲ್ಲ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ವಂಶದ ಬುದ್ಧಿ ಅದು. ಜಮೀನಿನ ಮಾತು ಎತ್ತಬಾರದು, ಯಾರ ಮಗನ ಸಂಬಳವನ್ನೂ ಕೇಳಬಾರದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಶಿವರಾತ್ರಿ ಕಳೆದ ಮೇಲೆ ತಮ್ಮ ಹಳೆಯ ಮಾರುತಿ ಕಾರಿನಲ್ಲಿ ಹೊರಟರು.

ಮೊದಲು ಕೊರಟಗೆರೆ ತಾಲ್ಲೂಕು. ಸಿದ್ಧರಬೆಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರರ ಸೋದರತ್ತೆ ಇದ್ದರು. ತೊಂಬತ್ತರ ಹತ್ತಿರದ ವಯಸ್ಸು. ಅಂಗಳದಲ್ಲಿ ಕಾರು ನಿಂತಿತು, ಗಂಡಹೆಂಡಿರು ಇಳಿದರು. ಜಗಲಿಯಲ್ಲಿ ಕುಳಿತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಗುರುತು ಹತ್ತಿದ ಕೂಡಲೇ ಎದೆ ಹಿಡಿದುಕೊಂಡು ಕೇಳಿದರು: “ಯಾರು ಹೋದ್ರು ಮಗಾ?”

ಕೇಳಿದಿರಾ ಶರಣರೇ? ‘ಯಾವಾಗ ಬಂದೆ’ ಎನ್ನಲಿಲ್ಲ, ‘ಹೇಗಿದ್ದೀಯೆ’ ಎನ್ನಲಿಲ್ಲ. ಯಾರು ಹೋದರು ಎಂದರು. ನೆಂಟರು ಬಾಗಿಲಿಗೆ ಬಂದರೆಂದರೆ ಸಾವಿನ ಸುದ್ದಿಯನ್ನೇ ತಂದಿರಬೇಕು ಎನ್ನುವಷ್ಟರ ಮಟ್ಟಿಗೆ ನಾವು ಹಿರಿಯರನ್ನು ಪಳಗಿಸಿದ್ದೇವೆ! “ಯಾರೂ ಹೋಗಿಲ್ಲ ಅತ್ತೆ, ನಿನ್ನನ್ನು ನೋಡೋಕೆ ಬಂದ್ವಿ” ಎಂದರೆ ಅವರು ನಂಬಲಿಲ್ಲ. ಎರಡು ಸಲ ಕೇಳಿದರಂತೆ. ಮೂರನೆಯ ಸಲ ಹೇಳಿದ ಮೇಲೆ ಒಳಗೆ ಕೂಗಿ, “ಹಿಟ್ಟಿಗೆ ನೀರಿಡ್ರೇ” ಎಂದರು. ಆ ಹೊತ್ತು ಮುದ್ದೆ, ಹುರುಳಿಕಾಳಿನ ಸಾರು. ಅತ್ತೆ ಪಕ್ಕದಲ್ಲಿ ಕುಳಿತು ಉಣ್ಣುವುದನ್ನು ನೋಡಿದರು.

ಆಷಾಢದಲ್ಲಿ ಆ ತಾಯಿ ಲಿಂಗೈಕ್ಯರಾದರು. ಮಾಸ್ತರರು ನಮ್ಮ ಮುಂದೆ ಹೇಳಿದ ಮಾತು ಇದು: “ಬುದ್ಧಿ, ದುಃಖ ಆಯಿತು, ಆದರೆ ಕೊರಗು ಉಳಿಯಲಿಲ್ಲ.” ಇವೆರಡರ ಅಂತರವನ್ನು ಚೆನ್ನಾಗಿ ಮನನ ಮಾಡಿ. ದುಃಖ ಸಾವಿನಿಂದ ಬರುವುದು, ಅದನ್ನು ಯಾರೂ ತಪ್ಪಿಸಲಾರರು. ಕೊರಗು ನಾವು ಹೋಗದೆ ಇದ್ದುದರಿಂದ ಬರುವುದು. ಅದನ್ನು ನಮ್ಮ ಕಾಲುಗಳೇ ತಪ್ಪಿಸಬಲ್ಲವು.

ಮುಂದೆ ಮಧುಗಿರಿ. ಸುಮಾರು 3,900 ಅಡಿ ಎತ್ತರದ ಆ ಏಕಶಿಲಾ ಬೆಟ್ಟವನ್ನು ನೀವೆಲ್ಲ ಕಂಡಿದ್ದೀರಿ. ಅದನ್ನು ಹತ್ತುವುದು ಕಷ್ಟ. ಆದರೆ ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರರಿಗೆ ಅದಕ್ಕಿಂತ ಕಷ್ಟದ ಒಂದು ಹೊಸ್ತಿಲಿತ್ತು, ಒಡಹುಟ್ಟಿದ ತಮ್ಮನ ಮನೆಯದು. ಬದುವಿನ ಮೇಲಿನ ಒಂದು ಹುಣಸೆಮರ ಯಾರ ಪಾಲಿಗೆ ಎಂಬುದಕ್ಕೆ ವ್ಯಾಜ್ಯ ಎದ್ದು, ಒಂಬತ್ತು ವರ್ಷ ಮಾತಿಲ್ಲ. ಹೋಗುವುದೋ ಬೇಡವೋ ಎಂದು ಊರ ಹೊರಗೆ ಕಾರು ನಿಲ್ಲಿಸಿ ಬಹಳ ಹೊತ್ತು ಕುಳಿತಿದ್ದರಂತೆ. ಕೊನೆಗೆ ಆ ತಾಯಿ, “ಪಟ್ಟೀಲಿ ಹೆಸರಿದೆಯಲ್ಲ, ನಡೀರಿ” ಎಂದರು.

ಹುಣಸೆ ಬಡಿಯುವ ಕಾಲ. ತಮ್ಮ ಜಗಲಿಯ ಮೇಲೆ ಕುಳಿತು ಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದವರು, ಅಣ್ಣನನ್ನು ನೋಡಿ ಎದ್ದು ಒಳಗೆ ಹೋದರು. ತಮ್ಮನ ಹೆಂಡತಿ ಬಂದು, “ಬನ್ನಿ ಭಾವ, ಬಾರಕ್ಕ” ಎಂದು ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು. ತಮ್ಮ ಹೊರಗೆ ಬಂದರು. “ರಸ್ತೆ ಹೆಂಗಿತ್ತು?” ಎಂಬುದೊಂದೇ ಮಾತು. ಅರ್ಧ ಗಂಟೆ ಕುಳಿತು ಇವರು ಎದ್ದರು. ಕಾರಿನ ಬಾಗಿಲು ಹಾಕುವ ಹೊತ್ತಿಗೆ ತಮ್ಮ ಬಂದು, ಏನೂ ಹೇಳದೆ, ಹಿಂದಿನ ಸೀಟಿನ ಮೇಲೆ ಒಂದು ದೊಡ್ಡ ಹುಣಸೆ ಉಂಡೆ ಇಟ್ಟು ಹೋದರು. ಅದು ಆ ಮರದ ಹಣ್ಣೇ.

ವ್ಯಾಜ್ಯ ಅಲ್ಲಿಗೆ ಮುಗಿಯಿತೆಂದು ಹೇಳಿ ನಿಮ್ಮನ್ನು ಸಂತೋಷಪಡಿಸಲಾರೆವು. ಕೋರ್ಟಿನಲ್ಲಿ ಅದು ಇನ್ನೂ ಇದೆ. ಆದರೆ ಈ ಸಲದ ಯುಗಾದಿಗೆ ತಮ್ಮನ ಮಕ್ಕಳು ದೊಡ್ಡಪ್ಪನ ಮನೆಗೆ ಬೇವುಬೆಲ್ಲಕ್ಕೆ ಬಂದಿದ್ದರು. ದೊಡ್ಡವರು ಕಟ್ಟಿದ ಗೋಡೆಯಲ್ಲಿ ಮಕ್ಕಳು ನುಸುಳುವಷ್ಟು ಕಿಂಡಿ ಬಿದ್ದಿತು. ಒಂದು ಲೋಟ ಮಜ್ಜಿಗೆಯಿಂದ ಅಷ್ಟಾಯಿತೆಂದರೆ ಅದು ಕಡಿಮೆಯೆ?

ಅಲ್ಲಿಂದ ಪಾವಗಡ. ಅದು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ಜನ ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ಮಳೆ ಕಡಿಮೆ, ಬರ ಹೆಚ್ಚು. ಅಲ್ಲಿಯ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಆಗಿರುವುದು ನಿಮಗೆ ಗೊತ್ತು. 2018ರಲ್ಲಿ ಮೊದಲ ಹಂತ ಆರಂಭವಾಗಿ 2019ರ ಕೊನೆಗೆ ಪೂರ್ಣವಾಯಿತು. ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದಿದ್ದಾರೆ, ವರ್ಷಕ್ಕೆ ಇಷ್ಟೆಂದು ಬಾಡಿಗೆ ಬರುತ್ತದೆ. ಬರದ ನಾಡಿಗೆ ಅದು ಆಸರೆಯೇ ಸರಿ. ಆದರೆ ಮಾಸ್ತರರ ಹಾಸ್ಟೆಲ್ ದಿನಗಳ ಗೆಳೆಯರೊಬ್ಬರು, ಜಮೀನನ್ನು ಗುತ್ತಿಗೆಗೆ ಕೊಟ್ಟವರು, ಒಂದು ಮಾತು ಹೇಳಿದರು: “ದುಡ್ಡು ಬ್ಯಾಂಕಿಗೆ ಬರುತ್ತೆ ಕಣಯ್ಯಾ, ಮುಯ್ಯಾಳು ಬರೋದು ನಿಂತುಹೋಯ್ತು.” ಹಿಂದೆ ಕಡಲೆಕಾಯಿ ಕೀಳುವಾಗ ಇವರ ಹೊಲಕ್ಕೆ ಅವರು, ಅವರ ಹೊಲಕ್ಕೆ ಇವರು ಕೂಲಿಯಿಲ್ಲದೆ ಹೋಗುತ್ತಿದ್ದರು. ಕೆಲಸದ ನೆಪದಲ್ಲಿ ಮುಖ ನೋಡುತ್ತಿದ್ದರು. ನೆಪ ಹೋದ ಮೇಲೆ ಮುಖವೂ ಹೋಯಿತು. ಇದು ಪಾವಗಡದ ಕಥೆ ಮಾತ್ರವಲ್ಲ. ಬೇಸಾಯ ಬಿಟ್ಟ ಎಲ್ಲ ಊರುಗಳ ಕಥೆ.

ಆ ಗೆಳೆಯರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಒಳ್ಳೆಯ ಮಕ್ಕಳು, ದಿನವೂ ಮೊಬೈಲಿನಲ್ಲಿ ಮಾತಾಡುತ್ತಾರೆ. ಆದರೆ ಅಂದು ಗೆಳೆಯರ ಮಡದಿ ಕಾಫಿ ಬಗ್ಗಿಸುವಾಗ ಅರ್ಧ ಲೋಟಕ್ಕೆ ಬಿತ್ತು, ಅರ್ಧ ನೆಲಕ್ಕೆ ಬಿತ್ತು. ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. “ಮಕ್ಕಳಿಗೆ ಯಾಕೆ ತೊಂದರೆ” ಎಂದು ಹೇಳಿರಲಿಲ್ಲ. ಮೊಬೈಲಿನಲ್ಲಿ ತಾಯಿಯ ಮುಖ ಕಾಣುತ್ತದೆ ಶರಣರೇ, ತಾಯಿಗೆ ಕಾಣುತ್ತಿಲ್ಲವೆಂಬುದು ಕಾಣುವುದಿಲ್ಲ. ಒಂದು ದಿನಕ್ಕೆಂದು ಹೋದ ದಂಪತಿಗಳು ನಾಲ್ಕು ದಿನ ನಿಂತು, ಪಾವಗಡದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಕ್ಕಳನ್ನು ಕರೆಸಿ, ಆಮೇಲೆ ಹೊರಟರು.

ಕೊನೆಗೆ ಸಿರಾ. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು. ಈಗ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹಬ್ಬ ಹಬ್ಬಕ್ಕೂ ಸಾವಿರಾರು ಕಾರುಗಳು ಸಿರಾವನ್ನು ದಾಟಿ ಹೋಗುತ್ತವೆ. ಅವುಗಳಲ್ಲಿ ಎಷ್ಟು ಮಂದಿಯ ಚಿಕ್ಕಮ್ಮ, ದೊಡ್ಡಮ್ಮ ಸಿರಾದ ಓಣಿಗಳಲ್ಲಿದ್ದಾರೋ! ರಸ್ತೆ ಅಗಲವಾದಷ್ಟೂ ತಿರುವು ಕಾಣದಾಗುತ್ತದೆ. ಅಲ್ಲಿ ಮಾಸ್ತರರ ಜೊತೆಯಲ್ಲಿ ಪಾಠ ಹೇಳಿದ ಒಬ್ಬ ಮುಸಲ್ಮಾನ ಗೆಳೆಯರಿದ್ದಾರೆ. ಇವರ ಆಚಾರ ಅವರಿಗೆ ತಿಳಿದದ್ದೇ. ಹೊಸ ಲೋಟ ತರಿಸಿ ಹಾಲು, ತಟ್ಟೆಯಲ್ಲಿ ಹಣ್ಣು ಇಟ್ಟು, ಇವರು ಲಿಂಗಪೂಜೆ ಮುಗಿಸುವವರೆಗೆ ಮನೆಯ ಮಕ್ಕಳು ಸದ್ದು ಮಾಡದಂತೆ ಬಾಗಿಲಲ್ಲಿ ಕುಳಿತಿದ್ದರಂತೆ. ಇದಕ್ಕಿಂತ ದೊಡ್ಡ ಸತ್ಕಾರ ಯಾವುದು?

ಅದೇ ತಾಲ್ಲೂಕಿನ ಕಗ್ಗಲಡುವಿಗೂ ಹೋಗಿದ್ದರು. ಅಲ್ಲಿ ವರ್ಷ ವರ್ಷವೂ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಅವನ್ನು ಮನೆಗೆ ಬಂದ ನೆಂಟರಂತೆ ಕಾಯುತ್ತಾರೆ, ಹೊಡೆಯಲು ಬಂದವರನ್ನು ಬಿಡುವುದಿಲ್ಲ. ಮಧುಗಿರಿಯಲ್ಲಿ ಒಂದು ಹುಣಸೆಮರ ಇಬ್ಬರು ಅಣ್ಣತಮ್ಮಂದಿರಿಗೆ ಸಾಲದು. ಕಗ್ಗಲಡುವಿನಲ್ಲಿ ಒಂದೊಂದು ಹುಣಸೆಮರವೂ ಎಷ್ಟೋ ಸಂಸಾರಗಳಿಗೆ ಸಾಕಾಗಿದೆ! ಹೀಗೆ ಇಪ್ಪತ್ತಮೂರು ದಿನಗಳಲ್ಲಿ ಅವರ ಪಟ್ಟಿ ಮುಗಿಯಿತು.

ಈ ವೃತ್ತಾಂತವನ್ನು ನಾವು ಒಮ್ಮೆ ಹೇಳಿದಾಗ ಒಬ್ಬ ಭಕ್ತರು ಎದ್ದು ನಿಂತು ಕೇಳಿದರು: “ಬುದ್ಧಿ, ತಾವು ಪೂರ್ವಾಶ್ರಮವನ್ನೇ ಬಿಟ್ಟವರು. ನೆಂಟರಿಷ್ಟರೆಂಬುದು ಮೋಹವಲ್ಲವೇ? ನಮ್ಮನ್ನು ಮತ್ತೆ ಅದರೊಳಕ್ಕೆ ದೂಡುತ್ತೀರಲ್ಲ?” ಒಳ್ಳೆಯ ಪ್ರಶ್ನೆ. ನಾವು ಹೇಳಿದೆವು: “ಅಯ್ಯಾ, ನಾವು ಒಂದು ಮನೆಯನ್ನು ಬಿಟ್ಟದ್ದು ಎಲ್ಲ ಮನೆಗಳಿಗೂ ಹೋಗಲಿಕ್ಕಾಗಿ. ನೀವು ಒಂದು ಮನೆಯನ್ನು ಕಟ್ಟಿಕೊಂಡು ಮಿಕ್ಕೆಲ್ಲ ಮನೆಗಳನ್ನೂ ಬಿಟ್ಟಿರಿ. ಈಗ ಹೇಳಿ, ವಿರಕ್ತರು ನಾವೋ ನೀವೋ?” ಜಂಗಮ ಎಂದರೆ ಚಲಿಸುವುದು ಎಂದರ್ಥ. 2019ರ ಜನವರಿಯಲ್ಲಿ ಶಿವೈಕ್ಯರಾದ ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು ಮಕ್ಕಳ ಅನ್ನಕ್ಕಾಗಿ ಈ ಸೀಮೆಯ ಊರೂರು ತಿರುಗಿದವರು. ಎಷ್ಟು ಮನೆಗಳ ಕಷ್ಟಸುಖ ಅವರಿಗೆ ತಿಳಿದಿತ್ತು!

ಕಠೋಪನಿಷತ್ತಿನ ನಚಿಕೇತನನ್ನು ನೆನೆಯಿರಿ. ಯಮ ಮನೆಯಲ್ಲಿಲ್ಲ. ಬಾಲಕ ಮೂರು ರಾತ್ರಿ ಅನ್ನವಿಲ್ಲದೆ ಬಾಗಿಲಲ್ಲಿ ಕಾದ. ಮನೆಗೆ ಬಂದವನು ಉಪವಾಸವಿದ್ದರೆ ಯಜಮಾನನ ಪುಣ್ಯವೆಲ್ಲ ಹೋಗುತ್ತದೆಂದು ಮೃತ್ಯುದೇವತೆಯೇ ಹೆದರಿ, ಅತಿಥಿಗೆ ನಮಸ್ಕರಿಸಿ ಮೂರು ವರಗಳನ್ನು ಕೊಟ್ಟ. ನಚಿಕೇತ ಆತ್ಮವಿದ್ಯೆಯನ್ನು ಕೇಳಿದನೆಂದು ಎಲ್ಲರೂ ಹೇಳುತ್ತಾರೆ. ಅದು ಮೂರನೆಯ ವರ. ಮೊದಲನೆಯದು ಯಾವುದು? ತಾನು ಮನೆಗೆ ಮರಳಿದಾಗ ತಂದೆಯ ಸಿಟ್ಟು ಇಳಿದಿರಬೇಕು, ಅವನು ತನ್ನನ್ನು ಗುರುತಿಸಿ ಪ್ರೀತಿಯಿಂದ ಮಾತಾಡಿಸಬೇಕು ಎಂಬುದು. ಬ್ರಹ್ಮಜ್ಞಾನಕ್ಕೆ ಅಧಿಕಾರಿಯಾದ ಬಾಲಕನೇ ಮನೆಯ ಮನಸ್ತಾಪವನ್ನು ಮೊದಲು ತಿಳಿಗೊಳಿಸಿಕೊಂಡ. ಅದು ಮೋಹವಾಗಿದ್ದರೆ ಉಪನಿಷತ್ತು ಅದನ್ನು ಮೊದಲ ವರವಾಗಿ ಹೇಳುತ್ತಿತ್ತೇ? ನನಗೆ ಏನು ಸಿಕ್ಕೀತು ಎಂದು ಹೋಗುವುದು ಮೋಹ. ನಿನ್ನನ್ನು ನೋಡಬೇಕು ಎಂದು ಹೋಗುವುದು ಧರ್ಮ.

ಗಂಡಹೆಂಡಿರು ಒಟ್ಟಿಗೆ ಹೊರಟದ್ದಕ್ಕೂ ಒಂದು ಅರ್ಥವಿದೆ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಮೋಳಿಗೆ ಮಾರಯ್ಯನವರು ಮಹಾದೇವಿಯಮ್ಮನವರೊಡನೆ ಕಲ್ಯಾಣಕ್ಕೆ ಬಂದು ಸೌದೆ ಮಾರಿ ದಾಸೋಹ ಮಾಡಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಅಷ್ಟು ದೂರದ ದಾರಿಯಲ್ಲಿ ಒಬ್ಬರು ಸೋತಾಗ ಇನ್ನೊಬ್ಬರು ಹಿಡಿದಿರಲೇಬೇಕು. ಊರ ಹೊರಗೆ ಕಾರು ನಿಂತಾಗ ‘ನಡೀರಿ’ ಎಂದ ಆ ತಾಯಿಯೂ ಮಾಡಿದ್ದು ಅದನ್ನೇ.

ಇನ್ನು ಮನೆಯ ತಾಯಂದಿರಿಗೆ ಒಂದು ಮಾತು. ನೆಂಟರೆಂದರೆ ಹೋಳಿಗೆಯಾಗಬೇಕು, ನಾಲ್ಕು ಬಗೆಯ ಪಲ್ಯವಾಗಬೇಕು ಎಂದು ಹೆದರಬೇಡಿ. ಆ ಹೆದರಿಕೆಯಿಂದಲೇ ಅರ್ಧ ಬಾಗಿಲುಗಳು ಮುಚ್ಚಿವೆ. ಇದ್ದುದನ್ನು ಇಡಿ. ಹೋಗುವವರೂ ಮುಂಚೆ ಒಂದು ಮಾತು ತಿಳಿಸಿ, ಹೊತ್ತು ನೋಡಿ ಹೋಗಿ, ಹೊತ್ತು ನೋಡಿ ಏಳಿ. ಎಲ್ಲರಿಗೂ ಕಾರಿಲ್ಲ, ಇಪ್ಪತ್ತಮೂರು ದಿನದ ಬಿಡುವೂ ಇಲ್ಲ. ಬಸ್ಸಿದೆಯಲ್ಲ, ಒಂದು ಭಾನುವಾರವಿದೆಯಲ್ಲ. ಬರುವ ಅಮಾವಾಸ್ಯೆಯ ಒಳಗೆ ನೀವು ಪ್ರತಿಯೊಬ್ಬರೂ ಒಂದೇ ಒಂದು ಮನೆಗೆ ಕೆಲಸವಿಲ್ಲದೆ ಹೋಗಿ ಬನ್ನಿ. ಯಾವ ಮನೆಗೆ ಹೋಗಲು ಮನಸ್ಸು ಹಿಂದೆಗೆಯುತ್ತದೆಯೋ ಆ ಮನೆಗೇ ಮೊದಲು ಹೋಗಿ. ನಿಮ್ಮನ್ನು ಕಂಡ ಕೂಡಲೇ ‘ಯಾರು ಹೋದರು’ ಎಂದು ಕೇಳುವ ಹಿರಿಯರು ನಮ್ಮ ಯಾವ ಭಕ್ತರ ಬಳಗದಲ್ಲಿಯೂ ಇಲ್ಲದಂತಾಗಲಿ. ‘ಬಂದೆಯಾ ಮಗಾ’ ಎನ್ನುವ ಬಾಯಿಗಳು ಹೆಚ್ಚಲಿ.

ಗುರುಕರುಣೆ ನಿಮ್ಮೆಲ್ಲರ ಮೇಲಿರಲಿ, ನಿಮ್ಮ ಬಾಗಿಲುಗಳು ತೆರೆದಿರಲಿ ಎಂದು ಹಾರೈಸಿ ಇಂದಿನ ಮಾತನ್ನು ಮುಗಿಸುತ್ತೇವೆ. ಎಲ್ಲರೂ ಪ್ರಸಾದ ಸ್ವೀಕರಿಸಿ ಹೋಗಿ ಬನ್ನಿ.

ಸರ್ವರಿಗೂ ಶುಭವಾಗಲಿ.