ಕೈಕಟ್ಟಿ ಕುಳಿತವರು

ಕಳೆದ ಎರಡು ದಶಕಗಳಲ್ಲಿ ಕನ್ನಡಕ್ಕೆ ಬಂದು ನೆಲೆಯೂರಿದ ಮಾತುಗಳಲ್ಲಿ ‘ಸರ್ವರ್ ಡೌನ್’ ಎಂಬುದೂ ಒಂದು. ನಾಡಕಚೇರಿಯಲ್ಲಿ, ಉಪನೋಂದಣಿ ಕಚೇರಿಯಲ್ಲಿ, ಅಂಚೆ ಕಚೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಈ ಮಾತನ್ನು ಕೇಳದವರು ವಿರಳ. ಇಂಗ್ಲಿಷಿನ ಗಂಧವಿಲ್ಲದ ಹಳ್ಳಿಯ ಮುದುಕಿಯೂ ‘ಇವತ್ತು ಸರ್ವರ್ ಇಲ್ವಂತೆ’ ಎಂದು ಚೀಲ ಮಡಿಸಿಕೊಂಡು ಮನೆಗೆ ಹಿಂದಿರುಗುತ್ತಾಳೆ. ಭಾಷೆಯ ಪಾಠ ಹೇಳಿ ಜೀವನ ಸಾಗಿಸಿದವನಿಗೆ ಈ ಮಾತಿನಲ್ಲಿ ಒಂದು ವಿಶೇಷ ಕಾಣುತ್ತದೆ. ‘ಮಳೆ ಬರಲಿಲ್ಲ’, ‘ಗ್ರಹಣ ಹಿಡಿಯಿತು’ ಎಂಬ ಮಾತುಗಳಲ್ಲಿರುವಂತೆ ಇದರಲ್ಲಿಯೂ ಹೊಣೆಗಾರನಾದ ಮನುಷ್ಯನಿಲ್ಲ. ಕೆಡಿಸಿದವರಿಲ್ಲ, ಸರಿಪಡಿಸಬೇಕಾದವರೂ ಇಲ್ಲ. ದೈವಾಧೀನವಾದ ಸಂಗತಿಯೆಂಬಂತೆ ನಾವು ಇದನ್ನು ಒಪ್ಪಿಕೊಂಡುಬಿಟ್ಟಿದ್ದೇವೆ.

ಕಿಟಕಿಯ ಈಚೆ ಸಾಲಿನಲ್ಲಿ ನಿಂತ ನಮ್ಮ ತೊಂದರೆಯನ್ನು ಕುರಿತು ಬೇಕಾದಷ್ಟು ಮಾತು ನಡೆದಿದೆ. ಇಂದು ನಾನು ಹೇಳಬೇಕೆಂದಿರುವುದು ಕಿಟಕಿಯ ಆಚೆ ಕುಳಿತವರನ್ನು ಕುರಿತು. ಮಾಡಲು ಕೆಲಸವಿದೆ, ಮಾಡುವ ಶಕ್ತಿಯಿದೆ, ಮನಸ್ಸೂ ಇದೆ. ಆದರೆ ಯಂತ್ರ ನಿಂತಿದೆ. ಅದನ್ನು ಸರಿಪಡಿಸಬೇಕಾದವರಿಗೆ ಸುದ್ದಿ ಮುಟ್ಟಿ ಗಂಟೆಗಳಾಗಿವೆ, ಕೆಲವೊಮ್ಮೆ ದಿನಗಳೇ ಆಗಿವೆ. ಅಲ್ಲಿಯವರೆಗೆ ಆ ನೌಕರ ಕೈಕಟ್ಟಿ ಕುಳಿತಿರಬೇಕು. ಸರ್ಕಾರಿ ಕಚೇರಿ, ಖಾಸಗಿ ಕಂಪನಿ ಎಂಬ ಭೇದ ಇದಕ್ಕಿಲ್ಲ.

ಹಿಂದೆಯೂ ಕಚೇರಿಗಳಲ್ಲಿ ಯಂತ್ರಗಳು ಕೆಡುತ್ತಿದ್ದುವು. ಬೆರಳಚ್ಚು ಯಂತ್ರದ ಅಕ್ಷರವೊಂದು ಸಿಕ್ಕಿಕೊಂಡರೆ ಮೆಕ್ಯಾನಿಕ್ ಬಂದು, ಎಣ್ಣೆ ಬಿಟ್ಟು, ಸ್ಕ್ರೂ ಬಿಗಿದು ಹೋಗುತ್ತಿದ್ದ. ಅವನು ಬರುವುದು ತಡವಾದರೂ ಗುಮಾಸ್ತನ ಕೆಲಸ ಪೂರಾ ನಿಲ್ಲುತ್ತಿರಲಿಲ್ಲ. ಪತ್ರವನ್ನು ಕೈಯಲ್ಲಿ ಬರೆಯಬಹುದಾಗಿತ್ತು. ಕಡತ ಕಪಾಟಿನಲ್ಲಿಯೇ ಇತ್ತು. ಲೆಕ್ಕದ ಪುಸ್ತಕ ಮೇಜಿನ ಮೇಲಿತ್ತು. ಈಗ ಪತ್ರ, ಕಡತ, ಲೆಕ್ಕ, ಹಾಜರಿ, ಮೇಲಧಿಕಾರಿಯ ಅಪ್ಪಣೆ ಎಲ್ಲವೂ ಒಂದೇ ಪರದೆಯೊಳಗೆ ಸೇರಿಹೋಗಿವೆ. ಒಂದು ಪಾಸ್‌ವರ್ಡ್ ಕೆಟ್ಟರೆ ಮೇಜು, ಕಪಾಟು, ಲೇಖನಿ ಮೂರೂ ಏಕಕಾಲಕ್ಕೆ ಮಾಯವಾದಂತೆ. ಸೌಕರ್ಯ ಹೆಚ್ಚಿತೆಂಬುದು ನಿಜ. ಅದರೊಂದಿಗೆ ಪರಾಧೀನತೆಯೂ ಹೆಚ್ಚಿತೆಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ನಿಂತ ಯಂತ್ರದ ದೂರು ಯಾವ ದಾರಿಯಲ್ಲಿ ಸಾಗುತ್ತದೆಂಬುದನ್ನು ನೋಡೋಣ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆ. ಬ್ರಿಟಿಷ್ ಸರ್ಕಾರದ ಗಣಕ ಇಲಾಖೆಯೊಂದು 1980ರ ದಶಕದಲ್ಲಿ ರೂಪಿಸಿದ ಐಟಿಐಎಲ್ ಎಂಬ ವಿಧಿವಿಧಾನವನ್ನು ಇಂದು ಜಗತ್ತಿನ ಬಹುಪಾಲು ದೊಡ್ಡ ಕಚೇರಿಗಳು ಒಂದಲ್ಲ ಒಂದು ರೂಪದಲ್ಲಿ ಅನುಸರಿಸುತ್ತವೆ. ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ. ಅದಕ್ಕೆ ‘ಟಿಕೆಟ್’ ಎಂದು ಹೆಸರು. ಬಳಿಕ ಅದರ ಆದ್ಯತೆಯನ್ನು ಗೊತ್ತುಮಾಡುತ್ತಾರೆ. ಸಾವಿರ ಜನರ ಕೆಲಸ ನಿಂತರೆ ಮೊದಲ ದರ್ಜೆ. ಒಬ್ಬನ ಕೆಲಸ ನಿಂತರೆ ಸಾಮಾನ್ಯವಾಗಿ ಕೊನೆಯ ಸಾಲು. ನ್ಯಾಯವಾಗಿಯೇ ಇದೆಯೆಂದು ತೋರಬಹುದು. ಆದರೆ ಆ ಒಬ್ಬನಿಗೆ ನಿಂತಿರುವುದು ತನ್ನ ಕೆಲಸದ ಸಾವಿರದಲ್ಲೊಂದು ಪಾಲಲ್ಲ, ಪೂರ್ತಿ ಕೆಲಸ. ಇಂಥ ಒಬ್ಬೊಬ್ಬರು ಸಾವಿರ ಕಡೆ ಕುಳಿತಿರುತ್ತಾರೆ; ಅವರನ್ನು ಕೂಡಿಸಿ ಎಣಿಸುವವರಿಲ್ಲ.

ಈ ಶಾಸ್ತ್ರದಲ್ಲಿ ಇನ್ನೊಂದು ಚಮತ್ಕಾರವಿದೆ. ಇಷ್ಟು ಗಂಟೆಯೊಳಗೆ ದೂರನ್ನು ಪರಿಹರಿಸಬೇಕೆಂದು ಕರಾರಿರುತ್ತದೆ. ಆದರೆ ‘ನಿಮ್ಮ ಯಂತ್ರದ ಮಾದರಿ ಯಾವುದು?’ ಎಂದು ಮರುಪ್ರಶ್ನೆ ಕಳುಹಿಸಿದೊಡನೆ ಹಲವು ಕಡೆ ಆ ಗಡಿಯಾರ ನಿಲ್ಲುತ್ತದೆ. ಉತ್ತರ ಬರುವ ತನಕ ಕಾಲ ಲೆಕ್ಕಕ್ಕಿಲ್ಲ. ಉತ್ತರ ಬರೆಯಬೇಕಾದದ್ದು ಮಿಂಚಂಚೆಯಲ್ಲಿ. ಮಿಂಚಂಚೆ ತೆರೆಯಬೇಕಾದದ್ದು ಕೆಟ್ಟುಹೋದ ಅದೇ ಯಂತ್ರದಲ್ಲಿ! ನೌಕರನ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ತಿಂಗಳ ಕೊನೆಯಲ್ಲಿ ‘ಎಲ್ಲ ದೂರುಗಳೂ ಸಕಾಲದಲ್ಲಿ ಮುಗಿದಿವೆ’ ಎಂಬ ವರದಿ ಸಿದ್ಧವಾಗುತ್ತದೆ. ಈ ಉದ್ಯೋಗದವರೇ ಅಂಥ ವರದಿಯನ್ನು ಕಲ್ಲಂಗಡಿಗೆ ಹೋಲಿಸುವುದುಂಟು: ಹೊರಗೆಲ್ಲ ಹಸಿರು, ಒಳಗೆಲ್ಲ ಕೆಂಪು.

ಹಾಗಾದರೆ ನೆರವು ನೀಡುವವರು ಸೋಮಾರಿಗಳೇ? ಖಂಡಿತ ಅಲ್ಲ. ನಮ್ಮ ಬೆಂಗಳೂರಿನಲ್ಲಿ ಕುಳಿತು, ಸಮುದ್ರದಾಚೆಯ ಕಚೇರಿಗಳ ಯಂತ್ರಗಳನ್ನು ರಾತ್ರಿಯೆಲ್ಲ ನೋಡಿಕೊಳ್ಳುವ ಸಹಸ್ರಾರು ಯುವಕ ಯುವತಿಯರು ಇದೇ ವೃತ್ತಿಯವರು. ಅವರಲ್ಲಿ ಕೆಲವರು ನಮ್ಮ ವಿದ್ಯಾರ್ಥಿಗಳೂ ಆಗಿದ್ದವರು. ಒಂದು ಕರೆ ಮುಗಿಯುವ ಮೊದಲೇ ಇನ್ನೊಂದು ಕಾದಿರುತ್ತದೆ. ಬೀಗ ಯಾವುದೆಂದು ಅವರಿಗೆ ಗೊತ್ತು. ತೆರೆಯುವ ಅಧಿಕಾರ ಮಾತ್ರ ಮೇಲಿನ ಹಂತದವರದು. ದೋಷವಿರುವುದು ವ್ಯಕ್ತಿಗಳಲ್ಲಿ ಅಲ್ಲ, ಏರ್ಪಾಟಿನಲ್ಲಿ. ಇದನ್ನು ಗಣಿತವೇ ತೋರಿಸಿಕೊಡುತ್ತದೆ.

ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞರು 1909ರಲ್ಲಿ ದೂರವಾಣಿ ಕರೆಗಳನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ಅವರು ತೆರೆದ ದಾರಿಯಲ್ಲಿ ಸರದಿಯ ಸಾಲುಗಳ ಶಾಸ್ತ್ರ ಬೆಳೆಯಿತು. ಅದರ ಅತ್ಯಂತ ಸರಳ ಲೆಕ್ಕ ಹೀಗಿದೆ. ಒಬ್ಬನೇ ರಿಪೇರಿಗಾರನಿದ್ದಾನೆ, ಒಂದು ದೂರಿಗೆ ಅವನು ಸರಾಸರಿ ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ, ದೂರುಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ ಎಂದಿಟ್ಟುಕೊಳ್ಳಿ. ಅವನ ವೇಳೆಯಲ್ಲಿ ಶೇಕಡ 50 ಭಾಗ ಮಾತ್ರ ಕೆಲಸದಿಂದ ತುಂಬಿದ್ದರೆ ದೂರುದಾರ ತನ್ನ ಸರದಿಗಾಗಿ ಸರಾಸರಿ ಅರ್ಧ ಗಂಟೆ ಕಾಯಬೇಕು. ಶೇಕಡ 80 ತುಂಬಿದರೆ 2 ಗಂಟೆ. ಶೇಕಡ 90 ಆದರೆ ನಾಲ್ಕೂವರೆ ಗಂಟೆ. ಶೇಕಡ 95 ಮುಟ್ಟಿದರೆ ಒಂಬತ್ತೂವರೆ ಗಂಟೆ, ಎಂದರೆ ಒಂದು ಕೆಲಸದ ದಿನಕ್ಕಿಂತ ಹೆಚ್ಚು! ರಿಪೇರಿಗಾರ ಒಂದು ನಿಮಿಷವೂ ಸುಮ್ಮನಿರಕೂಡದೆಂದು ಹಟ ಹಿಡಿಯುವ ಯಜಮಾನ, ತನಗೆ ತಿಳಿಯದೆಯೇ ಉಳಿದವರೆಲ್ಲರನ್ನೂ ಸುಮ್ಮನೆ ಕೂರಿಸುತ್ತಾನೆ. ಅಗ್ನಿಶಾಮಕ ದಳದವರು ಬೆಂಕಿಯಿಲ್ಲದ ದಿನ ಬಿಡುವಾಗಿರುವುದನ್ನು ನಾವು ದಂಡವೆಂದು ಬಗೆಯುವುದಿಲ್ಲ. ಆ ಬಿಡುವೇ ನಮ್ಮ ರಕ್ಷೆ.

ಈ ಮಾತಿಗೆ ಜಗತ್ತೇ ಕಂಡ ನಿದರ್ಶನವೊಂದಿದೆ. 2024ರ ಜುಲೈ 19ರಂದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟ್ ಕಂಪನಿಯ ಅಂದಾಜಿನಂತೆ 85 ಲಕ್ಷ ಗಣಕಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಆ ದೋಷದ ಕಡತವನ್ನು ಕಂಪನಿ ಕೇವಲ 78 ನಿಮಿಷಗಳಲ್ಲಿ ಹಿಂತೆಗೆದುಕೊಂಡಿತ್ತು. ಆದರೂ ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ ಐದು ದಿನಗಳಲ್ಲಿ ಸುಮಾರು 7,000 ಯಾನಗಳನ್ನು ರದ್ದುಗೊಳಿಸಬೇಕಾಯಿತು. ಕಾರಣವೇನು? ನಿಂತ ಯಂತ್ರಗಳಲ್ಲಿ ಬಹಳಷ್ಟನ್ನು ದೂರದಿಂದ ಎಬ್ಬಿಸಲಾಗುತ್ತಿರಲಿಲ್ಲ. ಒಬ್ಬ ಮನುಷ್ಯ ಆ ಯಂತ್ರದ ಮುಂದೆ ಕುಳಿತು, ಅನೇಕ ಕಡೆ 48 ಅಂಕಿಗಳ ಕೀಲಿಸಂಖ್ಯೆಯನ್ನು ಒಂದೊಂದಾಗಿ ಒತ್ತಿ, ಕೆಟ್ಟ ಕಡತವನ್ನು ಅಳಿಸಬೇಕಾಗಿತ್ತು. ಪರಿಹಾರ ಎಲ್ಲರಿಗೂ ತಿಳಿದಿತ್ತು. ಅದನ್ನು ಮಾಡುವ ಕೈಗಳು ಸಾಲದಾದುವು. ಮಿತವ್ಯಯದ ಹೆಸರಿನಲ್ಲಿ ಕಡಿಮೆ ಮಾಡಿಕೊಳ್ಳುವ ಕೈಗಳ ಬೆಲೆ ಇಂಥ ದಿನ ತಿಳಿಯುತ್ತದೆ.

ಹಣದ ನಷ್ಟವನ್ನಾದರೂ ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಸಿಕ್ಕದ ನಷ್ಟವೊಂದಿದೆ. ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಪ್ರಮಾಣಪತ್ರ ಸಲ್ಲಿಸಬೇಕಷ್ಟೆ. ಅಂಥದೊಂದು ದಿನ, ಒಂದು ಬ್ಯಾಂಕಿನಲ್ಲಿ ತರುಣಿಯೊಬ್ಬಳ ಯಂತ್ರ ಬೆಳಗ್ಗೆ ಹತ್ತಕ್ಕೇ ನಿಂತಿತ್ತು. ದೂರು ಕೊಟ್ಟಾಗಿತ್ತು, ಸಂಖ್ಯೆ ಬಂದಾಗಿತ್ತು, ಮನುಷ್ಯ ಬಂದಿರಲಿಲ್ಲ. ಸಾಲಿನಲ್ಲಿದ್ದ ನನ್ನ ವಯಸ್ಸಿನವರೊಬ್ಬರು, ‘ಸುಮ್ನೆ ಕೂತು ಸಂಬಳ ತಗೋತೀಯಲ್ಲಮ್ಮಾ’ ಎಂದುಬಿಟ್ಟರು. ಆಕೆ ಮಾತಾಡಲಿಲ್ಲ. ಒಂದು ಬಿಳಿಯ ಹಾಳೆ ತೆಗೆದುಕೊಂಡು ನಮ್ಮೆಲ್ಲರ ಹೆಸರು, ಫೋನ್ ಸಂಖ್ಯೆ ಬರೆದುಕೊಳ್ಳತೊಡಗಿದಳು. ಆ ಹಾಳೆ ಅವಳ ಕರ್ತವ್ಯಪಟ್ಟಿಯಲ್ಲಿಲ್ಲ. ಸಂಜೆ ಅವಳ ಮೇಲಧಿಕಾರಿ ನೋಡುವ ಅಂಕಿಗಳಲ್ಲಿಯೂ ಇಲ್ಲ. ಆ ಅಂಕಿಗಳಲ್ಲಿ ಕಾಣುವುದು ಅವಳ ಕೆಲಸ ಅಂದು ಶೂನ್ಯವೆಂಬುದು ಮಾತ್ರ. ಕಾಯಕವನ್ನೇ ಗೌರವವೆಂದು ತಿಳಿದ ನಾಡು ನಮ್ಮದು. ದುಡಿಯಬಲ್ಲವನನ್ನು ದುಡಿಯದಂತೆ ಕೂರಿಸಿ, ಮೇಲೆ ಸೋಮಾರಿಯೆಂಬ ಹೆಸರನ್ನೂ ಹೊರಿಸುವುದು ಸಣ್ಣ ಅನ್ಯಾಯವಲ್ಲ.

ಇಲ್ಲಿ ನಮ್ಮ ಹಳ್ಳಿಗಳ ಆಯದ ಪದ್ಧತಿ ನೆನಪಾಗುತ್ತದೆ. ನೇಗಿಲ ಗುಳ ಮೊಂಡಾದರೆ ರೈತ ಅದನ್ನು ಕುಲುಮೆಗೆ ಒಯ್ಯುತ್ತಿದ್ದ. ಕಮ್ಮಾರ ತಟ್ಟಿ ಹರಿತಮಾಡಿ ಕೊಡುತ್ತಿದ್ದ. ಆಗಿಂದಾಗ ಕಾಸು ಕೊಡುವ ರೂಢಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ಕಮ್ಮಾರನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು. ಅದು ಮರಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲೊಂದು ವಿವೇಕವಿತ್ತು. ಕಮ್ಮಾರನ ಪಾಲು ಹುಟ್ಟುತ್ತಿದ್ದುದು ಅವನು ತಟ್ಟಿದ ಗುಳಗಳ ಎಣಿಕೆಯಿಂದಲ್ಲ, ರೈತ ಬೆಳೆದ ಬೆಳೆಯಿಂದ. ಹದ ತಪ್ಪುವ ಮೊದಲು ಗುಳ ಹೊಲ ಸೇರಬೇಕೆಂಬುದು ಇಬ್ಬರಿಗೂ ಹಿತವಾಗಿತ್ತು. ಇಂದು ನಾವು ಮುಗಿದ ಟಿಕೆಟ್ಟುಗಳನ್ನು ಎಣಿಸುತ್ತೇವೆ. ನಿಂತುಹೋದ ಉಳುಮೆಯನ್ನು ಎಣಿಸುವುದಿಲ್ಲ.

ಆಗಬೇಕಾದದ್ದು ಅಸಾಧ್ಯವೇನಲ್ಲ. ದೂರು ಮುಗಿಯಿತೆಂದು ಹೇಳುವ ಅಧಿಕಾರ ದೂರು ಕೊಟ್ಟವನಿಗಿರಲಿ. ಅವನು ಕಳೆದುಕೊಂಡ ಗಂಟೆಗಳು ಅವನ ಹೆಸರಿನಲ್ಲಿ ಅಲ್ಲದೆ ನೆರವು ವಿಭಾಗದ ಲೆಕ್ಕದಲ್ಲಿ ದಾಖಲಾಗಲಿ. ಪ್ರತಿ ಕಚೇರಿಯಲ್ಲಿ ಒಂದೆರಡು ಹೆಚ್ಚಿನ ಯಂತ್ರಗಳು ಸಿದ್ಧವಿರಲಿ. ಯಂತ್ರ ನಿಂತ ದಿನ ಕಾಗದದ ಮೇಲೆ ಕೆಲಸ ಸಾಗಿಸುವ ಕ್ರಮವೊಂದು ಮೊದಲೇ ಗೊತ್ತಾಗಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಕರೆದರೆ ನಡೆದು ಬರಬಲ್ಲಷ್ಟು ಹತ್ತಿರದಲ್ಲಿ, ಸ್ವಲ್ಪ ಬಿಡುವಿರುವ, ಸರಿಪಡಿಸುವ ಅಧಿಕಾರವುಳ್ಳ ಒಬ್ಬ ಮನುಷ್ಯನಿರಲಿ.

ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ನಿರೀಕ್ಷಿಸು ಎಂಬ ಅರ್ಥವೂ ಉಂಟು, ರಕ್ಷಿಸು ಎಂಬ ಅರ್ಥವೂ ಉಂಟು. ರಕ್ಷಿಸಬೇಕಾದವರು ತಮ್ಮ ಪಾಲಿನ ‘ಕಾಯುವ’ ಕೆಲಸ ಮಾಡಿದರೆ ಉಳಿದವರು ಇನ್ನೊಂದು ಅರ್ಥದಲ್ಲಿ ಕಾಯಬೇಕಾದ ಪ್ರಸಂಗ ಕಡಿಮೆಯಾದೀತು. ಅಷ್ಟಾಗುವ ತನಕ, ಕಿಟಕಿಯ ಈಚೆ ನಿಂತ ನಾವು ಒಂದು ಕೆಲಸವನ್ನಂತೂ ಮಾಡಬಹುದು. ‘ಸರ್ವರ್ ಡೌನ್’ ಎಂಬ ಮಾತು ಕೇಳಿದಾಗ, ಹೇಳಿದವರ ಮೇಲೆ ರೇಗುವುದನ್ನು ಬಿಟ್ಟು, ‘ಯಾರಿಗೆ ತಿಳಿಸಿದ್ದೀರಿ? ಎಷ್ಟು ಹೊತ್ತಾಯಿತು?’ ಎಂದು ಕೇಳಬಹುದು. ಆ ಪ್ರಶ್ನೆಗೆ ಉತ್ತರಿಸಬೇಕಾದವರು ಕಿಟಕಿಯ ಬಳಿ ಕುಳಿತಿರುವುದಿಲ್ಲ. ಅವರಿಗೆ ಅದು ಮುಟ್ಟುವ ತನಕ ಕೇಳುತ್ತಿರಬೇಕು.